ಮೇಡಂ ಹಾಕದ ‘ವಿಲ್’

ನನ್ನ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಇಂಗ್ಲಿಷ್ ಪಾಠ ನಡೆಯುತ್ತದೆ. ಮೆಷಿನ್ ತುಳಿದು ಸವೆದ ಕಾಲಿನಲ್ಲಿ ಮೆಟ್ಟಿಲು ಹತ್ತಿ ಈ ವಯಸ್ಸಿನಲ್ಲಿ ನಾನೂ ಸೇರಿಕೊಂಡೆ. ‘ಮನೇಲೇ ಬಾಯಿ ಬಿಡಲ್ಲ, ಇಂಗ್ಲಿಷಲ್ಲಿ ಯಾರ ಹತ್ರ ಮಾತಾಡ್ತೀರಾ?’ ಎಂದು ಹೆಂಡತಿ ನಕ್ಕಳು.

ಪಾಠ ಹೇಳುವ ಮೇಡಂ ಒಂಟಿ. ಮಾತು ಕಡ್ಡಿ ಮುರಿದಂತೆ. ಪುಸ್ತಕದ ವಾಕ್ಯ ಅವರಿಗೆ ಆಗಿಬರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯದ್ದೇ ವಾಕ್ಯ ಹೇಳಬೇಕು, ಅದು ನಿಜವೂ ಆಗಿರಬೇಕು. ಮಾಡುತ್ತೇನೆ ಎನ್ನಲು ‘ವಿಲ್’ ಹಾಕಿದರಂತೂ ಮುಗಿಯಿತು. ಹೇಳಿದ್ದನ್ನು ಮುಂದಿನ ಪಾಠದೊಳಗೆ ಮಾಡಿಯೇ ಬರಬೇಕು. ಮಾಡದವರು ಹಿಂದಿನ ಬೆಂಚಿನಲ್ಲಿ ಕೂತು, ಕೊನೆಗೆ ಬೋರ್ಡ್ ಒರೆಸಿ, ಅದೇ ವಾಕ್ಯವನ್ನು ಮತ್ತೆ ಹೇಳಬೇಕು. ನಲ್ಲಿ ರಿಪೇರಿಯವನು ತನ್ನ ಮನೆಯ ನಲ್ಲಿಯನ್ನೇ ಸರಿಮಾಡುತ್ತೇನೆಂದು ಹೇಳಿ ತಿಂಗಳುಗಟ್ಟಲೆ ಬೋರ್ಡ್ ಒರೆಸಿದ.

ಮೇಡಂ ಕೊಡುವ ಉದಾಹರಣೆಗಳಲ್ಲೆಲ್ಲ ಅವರ ತಂಗಿ. ‘ಮೈ ಸಿಸ್ಟರ್ ಕ್ಯಾನ್ ಸಿಂಗ್.’ ನಡೆದುಹೋದದ್ದನ್ನು ಊಹಿಸುವಾಗ, ‘ಷಿ ಮಸ್ಟ್ ಹ್ಯಾವ್ ಗ್ರೋನ್ ಥಿನ್’, ಸೊರಗಿರಬೇಕು ಅಂತ. ಅನುಮಾನಕ್ಕೆ, ‘ಷಿ ಮೇ ಸ್ಟಿಲ್ ಬಿ ಆಂಗ್ರಿ.’ ಆ ತಂಗಿ ಇರುವುದು ಇದೇ ಊರಿನಲ್ಲಿ, ಎರಡು ಬಸ್ ಬದಲಿಸಿದರೆ ಸಿಗುವ ಬೀದಿಯಲ್ಲಿ ಎಂದು ನಮಗೆಲ್ಲ ಗೊತ್ತಿತ್ತು. ಆದರೆ ಅವಳ ವಿಷಯದಲ್ಲಿ ಮೇಡಂ ಒಮ್ಮೆಯೂ ‘ವಿಲ್’ ಹಾಕಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ಹಂಬಲಿಸುವ ಹೆಂಗಸಿಗೆ ಬಸ್ ಹತ್ತಲು ಏನು ಧಾಡಿ?

ಒಂದು ಸಂಜೆ ಪ್ಯಾಸಿವ್ ವಾಯ್ಸ್ ಪಾಠ. ‘ದ ಡೋರ್ ಶುಡ್ ಹ್ಯಾವ್ ಬೀನ್ ಓಪನ್ಡ್’ ಎಂದು ಬೋರ್ಡಿನ ಮೇಲೆ ಬರೆದರು. ಬಾಗಿಲು ತೆರೆಯಬೇಕಿತ್ತು ಅಂತ.

‘ಯಾರು ತೆಗೀಬೇಕಿತ್ತು ಮೇಡಂ?’ ನಲ್ಲಿಯವನು ಕೇಳಿದ.

‘ಇಲ್ಲಿ ಅದನ್ನ ಹೇಳೋ ಅಗತ್ಯ ಇಲ್ಲ’ ಎಂದರು. ಆಮೇಲೆ ಚಾಕ್‌ಪೀಸ್ ಕೆಳಗಿಟ್ಟರು. ‘ನಾನು. ತಂಗಿ ತಾನೇ ಮೆಚ್ಚಿದವನನ್ನ ಮದುವೆ ಆಗಿ ಬಂದು ಬಾಗಿಲು ತಟ್ಟಿದ್ಲು. ನಾನು ಒಳಗೇ ಇದ್ದೆ.’

ಮನೆಯಲ್ಲಿ ಬಿಡದ ಬಾಯಿ ಇಲ್ಲಿ ಸುಮ್ಮನಿರಬೇಕಲ್ಲ. ‘ಹಾಗಾದ್ರೆ ಈಗಲಾದ್ರೂ ಒಂದು ವಿಲ್ ಹಾಕಿ ಮೇಡಂ’ ಎಂದೆ.

ಅವರು ಕಿಟಕಿಯ ಕಡೆ ತಿರುಗಿ ನಿಂತರು. ಕೆಳಗಿನ ಬೀದಿಯಲ್ಲಿ ಒಂದು ಬಸ್ ಹಾದುಹೋಯಿತು. ‘ಐ ವಿಲ್ ಗೋ ಟು ಮೈ ಸಿಸ್ಟರ್ಸ್ ಹೌಸ್’ ಎಂದರು.

ಮುಂದಿನ ಪಾಠಕ್ಕೆ ಬಂದ ಮೇಡಂ ಮೇಜಿನ ಹತ್ತಿರ ಹೋಗಲಿಲ್ಲ. ನೇರವಾಗಿ ಹಿಂದಿನ ಬೆಂಚಿನಲ್ಲಿ ಕೂತರು. ನಾನು ಹಿಂದಕ್ಕೆ ತಿರುಗಿ ಕೇಳಿದೆ.

‘ಹೋಗ್ಲಿಲ್ವಾ ಮೇಡಂ?’

‘ಬಾಗಿಲ ತನಕ ಹೋದೆ. ಒಳಗೆ ಪಾತ್ರೆ ತೊಳೀತಾ ಹಾಡ್ಕೋತಾ ಇದ್ಲು. ಅದೇ ದನಿ, ಒಂಚೂರೂ ಬದಲಾಗಿಲ್ಲ. ತಟ್ಟಿದ್ರೆ ನಿಲ್ಲಿಸಿಬಿಡ್ತಾಳಲ್ಲ, ಅದಕ್ಕೆ ಕೇಳ್ತಾ ನಿಂತೆ. ಹಾಡು ಮುಗೀತು. ಆಮೇಲೆ ತಟ್ಟೋಕೆ ಕೈ ಮೇಲೇಳಲಿಲ್ಲ.’

ಮೇಡಂ ಎದ್ದು ಬೋರ್ಡ್ ಒರೆಸತೊಡಗಿದರು. ನಲ್ಲಿಯವನು ಬಟ್ಟೆ ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ. ಕೈಗೆ ಮೆತ್ತಿದ ಪುಡಿಯನ್ನು ಕೊಡವಿ, ನಮ್ಮ ಕಡೆ ತಿರುಗಿ, ನಿಯಮದಂತೆ ಅದೇ ವಾಕ್ಯವನ್ನು ಮತ್ತೆ ಹೇಳಿದರು.

ಆಮೇಲೆ ತಮಗೆ ತಾವೇ ಎಂಬಂತೆ, ‘ಈ ಸಲ ಅವಳು ಹಾಡೋಕೆ ಶುರು ಮಾಡೋ ಮುಂಚೆ’ ಎಂದರು.