ಬಾಗಿಲು ತೆರೆದರೂ ಹೋಗದ ಮುನಿಯಾ

ಗುರುಗ್ರಾಮದಲ್ಲಿ ಮಗಳ ಫ್ಲಾಟಿನ ಹಿಂದೆ ಒಣಹುಲ್ಲಿನ ಬಯಲಿದೆ. ಬೆಳಗ್ಗೆ ಅಡ್ಡಾಡಲು ಹೋದವನು, ಹುಲ್ಲುಕಡ್ಡಿಗಳ ಮೇಲೆ ತೂಗಾಡುತ್ತಿದ್ದ ಪುಟ್ಟ ಹಕ್ಕಿಗಳನ್ನು ಕಂಡು ನಿಂತುಬಿಟ್ಟೆ. ಕೆಂಪು ಮೈ, ಮೇಲೆ ಸಾಬಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕಿ. ಲಾಲ್ ಮುನಿಯಾ! ಆದರೆ ಕೆಲವು ಅರ್ಧ ಕಂದು, ಅರ್ಧ ಕೆಂಪು. ಬಯಲಲ್ಲಿರುವ ಇವಕ್ಕೆ ಬಣ್ಣ ಹಚ್ಚಿದವರು ಯಾರು ಸ್ವಾಮಿ?

ನನ್ನ ಗೊಂದಲ ನಿಮಗೆ ತಿಳಿಯಬೇಕಾದರೆ ದೆಹಲಿಯ ಆರ್.ಕೆ.ಪುರಂ ಬಳಿಯ ನಮ್ಮ ಹಳೆಯ ಬಾಡಿಗೆ ಮನೆಗೆ ಬರಬೇಕು. ಹೆಂಡತಿಯ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಆಗಲೇಬೇಕು ಎಂದಿದ್ದರು ಡಾಕ್ಟರು. ಪಂಜರದ ಹಕ್ಕಿಯೊಂದನ್ನು ಕೊಂಡು ಬಿಟ್ಟರೆ ಕಷ್ಟವೂ ಹಾರಿಹೋಗುತ್ತದೆ ಎಂದವರು ಪಕ್ಕದ ಮನೆಯ ಆಂಟಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮೈಮುರಿದು ದುಡಿದು ಹೋಟೆಲ್ ಕಟ್ಟಿದವನು ನಾನು, ಇಂಥದ್ದನ್ನು ನಂಬುವವನಲ್ಲ. ಆದರೂ ಹಕ್ಕಿ ಮಾರುವವನ ಬಳಿ ಹೋದೆ. ತೆಂಗಿನಕಾಯಿ ಆರಿಸುವ ಗತ್ತಿನಲ್ಲೇ, ಎಲ್ಲಕ್ಕಿಂತ ಕೆಂಪಗಿದ್ದುದನ್ನು ಆರಿಸಿ ತಂದೆ.

ಬಾಲ್ಕನಿಯಲ್ಲಿ ಪಂಜರದ ಬಾಗಿಲು ತೆರೆದೆವು. ಹಕ್ಕಿ ಹೊರಬಂತು, ಕಂಬಿಯ ಮೇಲೆ ಕೂತಿತು, ನವಣೆ ತಿಂದಿತು, ತಿರುಗಿ ಒಳಗೆ ಹೋಯಿತು.

"ಕೈಹಾಕಿ ಓಡಿಸ್ಲಾ?" ಎಂದೆ.

"ಬೇಡ. ಅದೇ ಹೋಗ್ಬೇಕು. ಅದು ಹೋಗದೆ ನಾನು ಆಸ್ಪತ್ರೆಗೆ ಬರೂದಿಲ್ಲ."

ದಸರಾ ಹೋಯಿತು, ದೀಪಾವಳಿ ಹೋಯಿತು, ಹಕ್ಕಿ ಹೋಗಲಿಲ್ಲ. ಅವಳ ನೋವು ಹೆಚ್ಚಿತು. ನಾನು ಹೋಟೆಲಿನಲ್ಲಿ ಎಲ್ಲರ ಮೇಲೂ ಹಾರಾಡಿದೆ, ಆ ಹಕ್ಕಿಯ ಪಾಲಿನದ್ದನ್ನೂ ಸೇರಿಸಿ. ಸಾಲದ್ದಕ್ಕೆ ಅದರ ಕೆಂಪು ಮಾಸಿ ಗುಬ್ಬಚ್ಚಿಯಂತಾಯಿತು.

"ಪಪ್ಪಾ, ಭಯ್ಯಾ ನೇ ಉಲ್ಲೂ ಬನಾಯಾ! ಪೇಂಟ್ ಮಾಡಿದ್ದು ಅದು," ಎಂದು ಮಗಳು ನಕ್ಕಳು.

ನನ್ನನ್ನೇ ಮೂರ್ಖ ಮಾಡಿದನೇ ಆ ಭಯ್ಯಾ? ಮಾರಿದವನ ಕುತ್ತಿಗೆಪಟ್ಟಿ ಹಿಡಿಯಲು ಚಪ್ಪಲಿ ಮೆಟ್ಟಿದೆ. ಹೆಂಡತಿ ಮಾತ್ರ ಹಕ್ಕಿಯನ್ನೇ ನೋಡುತ್ತಿದ್ದಳು.

"ಬಣ್ಣ ಕಳಕೊಂಡು ಕೂತಿದೆ ಪಾಪ, ನನ್ನ ಹಾಗೆ. ನಡೀರಿ ಆಸ್ಪತ್ರೆಗೆ. ಇಬ್ಬರಲ್ಲಿ ಒಬ್ಬರಾದ್ರೂ ಹೊರಡುವ."

ಆಪರೇಷನ್ ಸಸೂತ್ರವಾಯಿತು. ಮನೆಗೆ ಬಂದರೆ ಪಂಜರ ಖಾಲಿ. ನಾನು ಕೈಮುಗಿದೆ; ಅವಳು ಅತ್ತಳು. ಹೋಗಲಿ ಎಂದು ಕಾದವಳೂ ಅವಳೇ, ಹೋಯಿತೆಂದು ಅತ್ತವಳೂ ಅವಳೇ. ಇದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಬಯಲಿನಿಂದಲೇ ಅವಳಿಗೆ ಫೋನ್ ಮಾಡಿದೆ. "ಅದು ಪೇಂಟ್ ಅಲ್ಲ ಮಾರಾಯ್ತಿ. ಬಣ್ಣ ತಾನಾಗಿ ಹೋಗಿ ತಾನಾಗಿ ಬರ್ತದೆ ಕಾಣ್ತದೆ."

"ನಮ್ಮದು ಉಂಟಾ ಅದರಲ್ಲಿ?"

"ಇಷ್ಟು ವರ್ಷ ಬದುಕಿರ್ತದಾ ಅದು?"

"ಯಾಕೆ, ನಾನಿಲ್ವಾ?"

ಫೋನ್ ಕಿವಿಯಲ್ಲಿಟ್ಟುಕೊಂಡೇ ಹಕ್ಕಿಗಳನ್ನು ಮತ್ತೆ ನೋಡತೊಡಗಿದೆ, ಈ ಸಲ ಒಂದೊಂದನ್ನಾಗಿ.