ಪಾಗಾರದ ಮೇಲೆ ಬಿದ್ದ ಹಾಡುಗಾರ

ಬೆಳ್ಮಣ್ಣಿನ ಒಳದಾರಿಯಲ್ಲಿ ಇನ್ನೂ ಮುಖ ಕಾಣದಷ್ಟು ಮಬ್ಬು. ತೆಂಗಿನ ಮರದ ತಲೆಯಲ್ಲಿ ಕುಳಿತ ದೂಮಪ್ಪ ಪೂಜಾರಿ ಹೊಂಬಾಳೆಯ ತುದಿಯನ್ನು ಕತ್ತಿಯಿಂದ ತೆಳುವಾಗಿ ಕೆತ್ತುತ್ತಾರೆ. ಅಷ್ಟರಲ್ಲಿ ಪಕ್ಕದ ನಾಗಬನದಿಂದ ಒಂದು ಸ್ವರ ಏಳುತ್ತದೆ. ಸುರ್, ಸುರ್, ನಡುವೆ ಒಂದು ಉಸಿರು. ಹಿತ್ತಾಳೆ ತಂಬಿಗೆಗೆ ಹಾಲು ಕರೆದ ಹಾಗೆ. ದೂಮಪ್ಪ ಕತ್ತಿ ನಿಲ್ಲಿಸಿ ಬನದ ಕಡೆಗೆ ಕೈಮುಗಿಯುತ್ತಾರೆ.

"ಬಂದ, ಹಾಲು ಕರೆಯುವವ," ಎಂದು ಮೇಲಿನಿಂದಲೇ ಹೇಳುತ್ತಾರೆ. "ಕಾಲು ಗಂಟೆ ಮಾತ್ರ. ಮತ್ತೆ ನಾಳೆಯೇ."

ಅದು ಜೀರುಂಡೆ. ಕೆಳಗೆ ನಿಂತವರಿಗೆ ಬೇಸಿಗೆಯ ಜೀರುಂಡೆಗಳೆಲ್ಲ ಒಂದೇ ಗದ್ದಲ. ನಲವತ್ತು ವರ್ಷಗಳಿಂದ ಕಳ್ಳು ಇಳಿಸುವ ಐವತ್ತೊಂಬತ್ತರ ದೂಮಪ್ಪನವರಿಗೆ ಹಾಗಲ್ಲ. ಹದಿಮೂರು ಮರ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ದಿನಕ್ಕೆ ಇಪ್ಪತ್ತಾರು ಸಲ ಅವರು ಜೀರುಂಡೆಗಳ ಎತ್ತರಕ್ಕೇ ಏರುತ್ತಾರೆ. ಯಾವುದು ಯಾವ ಮರದಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಹೊತ್ತಿಗೆ ಕೂಗುತ್ತದೆ ಎಂಬುದನ್ನು ಕ್ಯಾಲೆಂಡರ್ ಹಾಳೆಗಳ ಹಿಂದೆ ಬರೆದಿಟ್ಟಿದ್ದಾರೆ. ಮಧ್ಯಾಹ್ನ ಕಿರುಗುಟ್ಟುವವನು ಗಾಣದವ. ಸಂಜೆ ಗೇರುಮರದಲ್ಲಿ ಕತ್ತಿ ಮಸೆಯುವವನು ಸಾಣೆಯವ.

"ನನ್ನ ಸ್ವರ ಇವರಿಗೆ ಕೇಳುದಿಲ್ಲ. ಜೀರುಂಡೆಯದ್ದಾದರೆ ಫರ್ಲಾಂಗು ದೂರದಿಂದ ಕೇಳ್ತದೆ," ಎನ್ನುತ್ತಾರೆ ಹೆಂಡತಿ ಮೋಹಿನಿ.

ಮೂರು ವರ್ಷಗಳ ಹಿಂದೆ ಮಣಿಪಾಲದಿಂದ ಜೀರುಂಡೆ ಹುಡುಕಿಕೊಂಡು ಬಂದ ಸಂಶೋಧಕಿ ಪ್ರಫುಲ್ಲಾ ಈ ಹಾಳೆಗಳನ್ನು ಕಂಡು ಅಲ್ಲೇ ಜಗಲಿಯಲ್ಲಿ ಕುಳಿತುಬಿಟ್ಟರಂತೆ. ದೂಮಪ್ಪ ಏಳು ಜಾತಿ ಎಂದು ಗುರುತಿಸಿದ್ದರು. ಅವುಗಳಲ್ಲಿ ಎರಡು ಒಂದೇ, ಬಿಸಿಲೇರಿದಂತೆ ಸ್ವರ ಬದಲಾಗುತ್ತದೆ ಎಂದು ಪ್ರಫುಲ್ಲಾ ತೋರಿಸಿಕೊಟ್ಟರು. ಆರು ಉಳಿದವು. "ಜನ ಇದನ್ನು ಮಿಡತೆಯ ನೆಂಟ ಅಂದುಕೊಳ್ತಾರೆ. ನಿಜವಾಗಿ ತಿಗಣೆಯ ಬಳಗ. ಸೂಜಿಯಂಥ ಬಾಯಿ, ಮರದ ರಸವೇ ಊಟ," ಎನ್ನುತ್ತಾರೆ ಅವರು. ಕೇಳಿದ ದೂಮಪ್ಪ ನಗುತ್ತಾರೆ. "ಹಾಗಾದರೆ ನಾನು, ಅದು, ಒಂದೇ ಕಸುಬು. ಅದಕ್ಕೆ ಗಿರಾಕಿ ಇಲ್ಲ, ಅಷ್ಟೇ."

ಆರರಲ್ಲಿ ಐದಕ್ಕೆ ಶಾಸ್ತ್ರದ ಹೆಸರುಂಟು. ಹಾಲು ಕರೆಯುವವನ ಸ್ವರ ಮಾತ್ರ ಯಾವ ದಾಖಲೆಗೂ ಹೊಂದುವುದಿಲ್ಲ. ಹೆಸರಿಡಬೇಕಾದರೆ ಹಾಡುವ ಗಂಡಿನ ದೇಹ ಒಂದು ಬೇಕೇ ಬೇಕು. ಆದರೆ ಅದು ಬನ ಬಿಟ್ಟು ಹಾರಿದ್ದನ್ನು ಕಂಡವರಿಲ್ಲ, ಬನದಿಂದ ಒಂದು ತರಗೆಲೆಯನ್ನೂ ಹೊರಗೆ ತರುವ ಕ್ರಮವಿಲ್ಲ. "ಪಾಗಾರದ ಆಚೆ ಇರುವುದು ನಾಗನದ್ದು. ಈಚೆ ಬಿದ್ದರೆ ನಮಗೆ ಕೊಟ್ಟದ್ದು," ಎಂದರು ದೂಮಪ್ಪ, ಬನದ ಸುತ್ತಲಿನ ಗೋಡೆ ತೋರಿಸಿ. ಪ್ರಫುಲ್ಲಾ ಒಪ್ಪಿದರು. ಅಂದಿನಿಂದ ಮರ ಇಳಿದೊಡನೆ ಬನದ ಗೋಡೆಗೆ ಒಂದು ಸುತ್ತು ಬರುವುದು ದೂಮಪ್ಪನವರ ದಿನಚರಿ.

ಕಳೆದ ವರ್ಷ ಈಚೆ ಒಂದು ಸತ್ತು ಬಿದ್ದದ್ದು ಸಿಕ್ಕಿತ್ತು. ಹತ್ತಿಯಲ್ಲಿಟ್ಟು, ಕಟಪಾಡಿಯಲ್ಲಿ ಬಸ್ಸು ಬದಲಿಸಿ, ಮಣಿಪಾಲಕ್ಕೆ ಒಯ್ದರು. ಪ್ರಫುಲ್ಲಾ ಮಗುಚಿ ನೋಡಿದರೆ ಹೆಣ್ಣು. ಹೆಣ್ಣು ಜೀರುಂಡೆ ಹಾಡುವುದಿಲ್ಲ. "ಅಷ್ಟು ವರ್ಷ ಕಿವಿಯಲ್ಲೇ ನೋಡಿದ್ದು, ಕಣ್ಣಲ್ಲಿ ಅಲ್ಲ. ಹಾಡುವವನ ಬದಲು ಕೇಳುವವಳನ್ನು ಒಯ್ದೆ!" ಎನ್ನುತ್ತಾರೆ ದೂಮಪ್ಪ. ಗಂಡಿನ ಎದೆಯಡಿ ಎರಡು ಅಗಲವಾದ ಮುಚ್ಚಳಗಳಿರುತ್ತವೆ ಎಂದು ಅವರು ಕಲಿತದ್ದು ಅವತ್ತು.

ಈ ಬೆಳಿಗ್ಗೆ ಸುತ್ತು ಬರುವಾಗ ಅವರ ಕಾಲು ತಡೆಯುತ್ತದೆ. ಮುರಕಲ್ಲಿನ ಪಾಗಾರದ ನೆತ್ತಿಯ ಮೇಲೆ ಜೀರುಂಡೆಯೊಂದು ಸತ್ತು ಅಂಗಾತ ಬಿದ್ದಿದೆ. ಹೋದ ವರ್ಷದ ಹೆಣ್ಣಿನದೇ ರೂಪ, ಎದೆಯಡಿ ಎರಡು ಮುಚ್ಚಳ. ಗಂಡು. ಆಚೆಯೂ ಅಲ್ಲ, ಈಚೆಯೂ ಅಲ್ಲ.

ಮಣಿಪಾಲಕ್ಕೆ ಫೋನು ಹೋಗುತ್ತದೆ. ಜಿಲ್ಲೆಯ ಜೀರುಂಡೆಗಳ ಪಟ್ಟಿ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು. ಪ್ರಫುಲ್ಲಾ ಸಿಕ್ಕಿದ ಬಸ್ಸು ಹತ್ತಿ ಬರುತ್ತಾರೆ. ಅಷ್ಟರಲ್ಲಿ ಇರುವೆ ಮುತ್ತದಂತೆ ಮೋಹಿನಿ ದೇವರ ಕೋಣೆಯಿಂದ ಅರಸಿನ ಹುಡಿ ತಂದು ಜೀರುಂಡೆಯ ಸುತ್ತ ಗೆರೆ ಎಳೆದಿದ್ದಾರೆ.

"ಪಾಗಾರ ಕಟ್ಟಿದ್ದು ಮನುಷ್ಯರಲ್ವಾ? ತೆಗೀರಿ ಮಾರಾಯ್ರೆ," ಎಂದು ಮೋಹಿನಿ ಗಂಡನಿಗೆ ಹೇಳುತ್ತಾರೆ.

"ಕಟ್ಟಿದ್ದು ನಾವು. ಕಟ್ಟಿದ್ದು ಯಾರಿಗೆ?" ಎನ್ನುತ್ತಾರೆ ದೂಮಪ್ಪ. "ನಾಗನೇ ಹೇಳಲಿ. ಕೂತುಕೊಳ್ಳಿ ಪ್ರಫುಲ್ಲಕ್ಕ."

ಮೂವರೂ ಕೂರುತ್ತಾರೆ. ದೂಮಪ್ಪ ಕಾಗೆ ಓಡಿಸುತ್ತಾರೆ. ಪ್ರಫುಲ್ಲಾರ ಮಡಿಲಲ್ಲಿ ಹತ್ತಿ ಹಾಸಿದ ಡಬ್ಬಿ ಬಾಯ್ದೆರೆದು ಕಾಯುತ್ತದೆ. ಕೈ ಚಾಚಿದರೆ ಎಟಕುವಷ್ಟು ದೂರ.

ಹತ್ತೂವರೆಗೆ ಕಡಲ ಗಾಳಿ ಬೀಸುತ್ತದೆ. ಜೀರುಂಡೆಯ ರೆಕ್ಕೆ ಎದ್ದು ನಡುಗುತ್ತದೆ. ಹಗುರ ದೇಹ ಅರಸಿನದ ಗೆರೆ ದಾಟಿ, ಅಂಚಿನಲ್ಲಿ ಒಂದು ಕ್ಷಣ ನಿಂತು, ಬನದೊಳಗಿನ ತರಗೆಲೆಗಳ ಮೇಲೆ ಬೀಳುತ್ತದೆ. ಪ್ರಫುಲ್ಲಾರ ಕೈ ಅರ್ಧ ಏಳುತ್ತದೆ. ಮತ್ತೆ ಮಡಿಲಿಗೆ ಬರುತ್ತದೆ. ಅವರು ಡಬ್ಬಿ ಮುಚ್ಚಿ ನೋಟುಪುಸ್ತಕ ತೆರೆದು ಆರನೆಯದರ ಎದುರು ಬರೆಯುತ್ತಾರೆ: ಹೆಸರಿಲ್ಲ, ಹಾಡು ಉಂಟು.

"ಬೇಸರವಾಯಿತಾ ದೂಮಪ್ಪಣ್ಣ?"

"ಆಯಿತು. ಇಲ್ಲ ಅಂದರೆ ಸುಳ್ಳಾಗ್ತದೆ," ಎನ್ನುತ್ತ ಅವರು ಮಡಕೆ ಸೊಂಟಕ್ಕೆ ಸಿಕ್ಕಿಸುತ್ತಾರೆ. ಇನ್ನೂ ನಾಲ್ಕು ಮರ ಬಾಕಿ. ಮೊದಲ ಮೆಟ್ಟಿಗೆ ಕಾಲಿಟ್ಟು ಬನದ ಕಡೆ ತಿರುಗುತ್ತಾರೆ.

"ಹೆಚ್ಚು ಕೇಳುದಿಲ್ಲ. ಬರುವ ವರ್ಷ ಒಂದು ಗೇಣು ಈಚೆ ಬೀಳಲಿ."