ಬೆಲ್ಲವಿಲ್ಲದ ನೀರು

ನಾನು ಹೊಸನಗರದಲ್ಲಿ ನರ್ಸಾಗಿದ್ದಾಗ ಮಕ್ಕಳ ತೂಕ ನೋಡಲು ತಕ್ಕಡಿ ಹೊತ್ತು ಹಳ್ಳಿ ಸುತ್ತುತ್ತಿದ್ದೆ. ಹುಲಿಕಲ್ ಕಡೆಯ ಒಂದು ಮನೆಯಲ್ಲಿ ಎರಡು ವರ್ಷದ ಹುಡುಗನ ತೂಕ ಏರುತ್ತಲೇ ಇರಲಿಲ್ಲ. ಗಂಜಿ ಕಂಡರೆ ಮುಖ ತಿರುಗಿಸುತ್ತಾನೆಂದು ತಾಯಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅವನು ನೀರು ಕೇಳಿದ. ಲೋಟದ ಜೊತೆ ದೊಡ್ಡದೊಂದು ಚೂರು ಬೆಲ್ಲವೂ ಬಂತು.

“ನೀರು ಕೇಳಿದಾಗೆಲ್ಲ ಬೆಲ್ಲ ಕೊಡ್ತೀರಾ?”

“ಮತ್ತೆ? ದಾರೀಲಿ ಹೋಗೋರಿಗೇ ನಾವು ಬರೀ ನೀರು ಕೊಡಲ್ಲ. ಹೆತ್ತ ಮಗನಿಗೆ ಕೊಡೋದಾ?”

“ಬೆಲ್ಲದಲ್ಲೇ ಹೊಟ್ಟೆ ತುಂಬಿದ್ರೆ ಗಂಜಿಗೆ ಜಾಗ ಎಲ್ಲಿ? ಬೆಲ್ಲ ನೆಂಟರಿಗಿರಲಿ. ಮನೆಯವರಿಗೆ ಬರೀ ನೀರು ಸಾಕು,” ಎಂದೆ. ಆಕೆ ಯೋಚಿಸಿ ತಲೆಯಾಡಿಸಿದಳು.

ಮುಂದಿನ ತಿಂಗಳು ಹೋದಾಗ ಹುಡುಗ ಗಂಜಿ ಬಟ್ಟಲು ನೆಕ್ಕುತ್ತಿದ್ದ. ತೂಕವೂ ಏರಿತ್ತು. ಬಿಸಿಲಲ್ಲಿ ನಡೆದು ಬಂದಿದ್ದ ನಾನು ಬೆಲ್ಲ ನೆನೆಯುತ್ತಾ ಜಗಲಿಯಲ್ಲಿ ಕೂತೆ. ತಾಯಿ ನಗುನಗುತ್ತಾ ಬಂದು ಲೋಟದ ತುಂಬ ಬರೀ ನೀರು ಕೊಟ್ಟಳು.

“ನಿಮ್ಮನ್ನ ಇನ್ನು ನೆಂಟರು ಅನ್ನೋಕಾಗುತ್ತಾ? ನೀವೂ ಮನೆಯವರೇ,” ಎಂದಳು.

ಕುಡಿದೆ. ನೀರು ತಣ್ಣಗಿತ್ತು, ಮನಸ್ಸೂ ತುಂಬಿತ್ತು. ಆದರೂ ಇನ್ನೊಂದು ತಿಂಗಳು ನೆಂಟಳಾಗಿಯೇ ಇರಬಹುದಿತ್ತು ಅನ್ನಿಸಿತು.